ರಜೆ ಹಾಕದ ದೊಡ್ಡಪ್ಪ

ಊರಿಗೆಲ್ಲ ನೀರು ಕಳಿಸುವ ಶುದ್ಧೀಕರಣ ಘಟಕದಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಪ್ರಯೋಗಾಲಯದ ಸಹಾಯಕಿ. ದಿನಕ್ಕೆ ಎರಡು ಸಲ ತಂತಿಯ ಬುಟ್ಟಿಯಲ್ಲಿ ಹನ್ನೆರಡು ಗಾಜಿನ ಬಾಟಲಿ ಹಿಡಿದು ತೊಟ್ಟಿಯಿಂದ ತೊಟ್ಟಿಗೆ ಹೋಗಿ, ಪರೀಕ್ಷೆಗೆ ನೀರು ತುಂಬಿಕೊಂಡು ಬರುವುದು ಅವಳ ಕೆಲಸ. ಆ ಬಾಟಲಿಗಳ ಕಿಣಿಕಿಣಿ ಕೇಳಿದರೆ ಸಾಕು, ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಿದ್ದವರು ದಡಬಡಿಸಿ ಎದ್ದು ಮೀಟರು ನೋಡುವವರ ಹಾಗೆ ಬಗ್ಗುತ್ತಿದ್ದರು. ಹೀಗಾಗಿ ಎಲ್ಲರ ಬಾಯಲ್ಲೂ ಅವಳು ಬಾಟ್ಲಕ್ಕ. ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಗಂಡನಿಗೆ ಮಾತ್ರ ಈ ಹೆಸರು ಸೇರುತ್ತಿರಲಿಲ್ಲ. "ನಡುಬೀದೀಲಿ ಹಾಗೆ ಕೂಗ್ತಾರಲ್ಲ, ಕೇಳಿದವರು ಏನಂದ್ಕೋಬೇಕು?" ಎಂದು ಗೊಣಗುತ್ತಿದ್ದ.

ಘಟಕಕ್ಕೆ ಹೊಸ ಸಾಫ್ಟ್‌ವೇರ್ ಬರುತ್ತದೆ ಎಂಬ ಸುದ್ದಿ ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಂಟು ವರ್ಷದ ಹಿಂದೆಯೂ ಒಂದು ಬಂದಿತ್ತು. ಎರಡು ದಿನ ತರಬೇತಿ, ಒಂದು ಗುಂಪು ಫೋಟೋ, ಅಷ್ಟೆ. ವರ್ಷ ತುಂಬುವುದರೊಳಗೆ ಆ ಕಂಪ್ಯೂಟರುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿದ್ದಿತ್ತು. ಜನ ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದರು. ಈ ಸಲ ಹಾಗಾಗಬಾರದು ಎಂದು ಇಂಜಿನಿಯರ್ ಸಾಹೇಬರು ಬಾಟ್ಲಕ್ಕನನ್ನು ಕರೆಸಿದರು.

"ಕಂಪನಿಯವರು ಮೂರು ತಿಂಗಳು ಇರ್ತಾರೆ. ಆಮೇಲೆ ಎಲ್ಲ ನಿಮ್ಮ ಕೈಲಿ. ಮೂರು ವರ್ಷ ಆದ್ಮೇಲೂ ಜನ ಇದನ್ನ ಬಳಸ್ತಿರಬೇಕು. ಅದಕ್ಕೆ ಏನೇನು ಮಾಡ್ಬೇಕೋ ಯೋಜನೆ ಹಾಕಿ."

"ನಾನಾ ಸಾರ್? ನಂಗೆ ಫೋನಲ್ಲಿ ಫೋಟೋ ಅಳಿಸೋದೇ ಬರಲ್ಲ."

"ಅದಕ್ಕೇ ನೀವು. ನಿಮಗೆ ಅರ್ಥ ಆದ್ರೆ ಎಲ್ಲರಿಗೂ ಆಗುತ್ತೆ."

ಹೊಗಳಿದರೋ ಹಂಗಿಸಿದರೋ ತಿಳಿಯದೆ ಅವಳು ಹೊರಗೆ ಬಂದಳು. ಆದರೆ ಒಪ್ಪಿಕೊಂಡ ಮೇಲೆ ಅರೆಮನಸ್ಸಿನಿಂದ ಮಾಡುವ ಜೀವ ಅದಲ್ಲ. ಉದ್ದನೆಯ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ಅರವತ್ತನಾಲ್ಕು ಜನರ ಹತ್ತಿರವೂ ಹೋಗಿ, ನಿಮಗೆ ಇದರಲ್ಲಿ ಏನು ಕಷ್ಟ ಎಂದು ಕೇಳಿದಳು. ಒಬ್ಬನಿಗೆ ಅಕ್ಷರ ಚಿಕ್ಕದು. ಸುಣ್ಣ ಕಲಸುವವನ ಬೆರಳು ಒಡೆದು ಒರಟಾಗಿ, ಅವನು ಒತ್ತಿದರೆ ಗಾಜಿನ ಪರದೆಗೆ ಗೊತ್ತೇ ಆಗುತ್ತಿರಲಿಲ್ಲ. ಅಕ್ಷರ ದೊಡ್ಡದು ಮಾಡಿಸಿದಳು, ರಬ್ಬರ್ ತುದಿಯ ಪೆನ್ನು ತರಿಸಿದಳು. ಹಳೆಯ ರಿಜಿಸ್ಟರುಗಳನ್ನು ಒಮ್ಮೆಗೇ ಕಿತ್ತುಕೊಂಡರೆ ಜನ ಕೆರಳುತ್ತಾರೆಂದು ನಾಲ್ಕನೆಯ ತಿಂಗಳವರೆಗೂ ಹಾಗೇ ಬಿಟ್ಟು, ಆಮೇಲೆ ಬೀರುವಿಗೆ ಹಾಕಿ ಬೀಗ ಜಡಿದಳು. ಪ್ರತಿ ವಿಭಾಗಕ್ಕೂ ಒಬ್ಬ ಮುಂದಾಳನ್ನು ಆರಿಸಿದಳು. ಚುರುಕಾಗಿದ್ದವರನ್ನು ಬಿಟ್ಟು, ಒಂದೇ ಪ್ರಶ್ನೆ ಹತ್ತು ಸಲ ಕೇಳಿದರೂ ಸಿಡುಕದವರನ್ನು ಹುಡುಕಿದಳು. ಕೆಲಸಗಾರರು ಪರದೆಯಲ್ಲಿ ಬರೆಯುವ ಮಾತುಗಳಿಗೆಲ್ಲ ಗುರುವಾರ ತಾನೇ ಕೂತು ಉತ್ತರ ಬರೆಯುತ್ತೇನೆಂದಳು. ಕೇಳಿದ್ದಕ್ಕೆ ಉತ್ತರ ಸಿಕ್ಕರೆ ಮನುಷ್ಯ ಮತ್ತೆ ಕೇಳಲು ಬರುತ್ತಾನೆ ಎಂಬುದು ಅವಳ ಲೆಕ್ಕಾಚಾರ.

ತೊಟ್ಟಿಗಳನ್ನು ದಾಟಿದ ಶುದ್ಧವಾದ ನೀರು, ಕೊನೆಗೆ ಕ್ಲೋರಿನ್ ಸೇರಿ, ಊರಿನ ಪೂರ್ವ ಭಾಗಕ್ಕೆ ಹೊರಡುವ ಕಡೆ ಒಂದು ಕೋಣೆಯಿತ್ತು. ಪಶ್ಚಿಮಕ್ಕೆ ಹೊರಡುವ ಕಡೆ ಅಂಥದ್ದೇ ಇನ್ನೊಂದು, ಇನ್ನೂರು ಹೆಜ್ಜೆ ದೂರದಲ್ಲಿ. ಗಂಟೆಗೊಮ್ಮೆ ನಲ್ಲಿಯಿಂದ ಸಣ್ಣ ಗಾಜಿನ ಕೊಳವೆಗೆ ನೀರು ಹಿಡಿದು, ಔಷಧಿಯ ಕೆಲವು ತೊಟ್ಟು ಹಾಕಿ, ಎಷ್ಟು ಹಳದಿಯಾಯಿತೆಂದು ನೋಡಬೇಕು. ಹಳದಿ ಇದ್ದರೆ ನೀರಿನಲ್ಲಿ ಕ್ಲೋರಿನ್ ಇದೆ, ರೋಗದ ಭಯವಿಲ್ಲ. ಪೂರ್ವದ ಕೋಣೆಯಲ್ಲಿ ಈ ಕೆಲಸ ಮಾಡುತ್ತಿದ್ದವರನ್ನು ಇಡೀ ಘಟಕ ದೊಡ್ಡಪ್ಪ ಎನ್ನುತ್ತಿತ್ತು. ಗೋಡೆಗೆ ಬಿಗಿದ ಟ್ಯಾಬ್ಲೆಟ್ ನೋಡಿ ಅವರು ಮೊದಲು ನಕ್ಕರು.

"ನಿವೃತ್ತಿಗೆ ಇನ್ನೆರಡು ವರ್ಷ ಇದೆ ಕಣಮ್ಮ. ಈಗ ಮತ್ತೆ ಸ್ಲೇಟು ಹಿಡಿಸ್ತೀಯಲ್ಲ!"

ಆದರೆ ಮೂರನೆಯ ವಾರಕ್ಕೆ ಎಲ್ಲರಿಗಿಂತ ಚೆನ್ನಾಗಿ ಕಲಿತವರು ಅವರೇ. ಅಂಕಿ ಹಾಕುವರು, ಕೆಳಗಿನ ಟಿಪ್ಪಣಿಯ ಜಾಗದಲ್ಲಿ "ಆಯ್ತಮ್ಮ" ಎಂದು ಬರೆಯುವರು. ದಿನಕ್ಕೆ ಎಂಟು ಸಲ ಆಯ್ತಮ್ಮ. ಎಂದೂ ತಪ್ಪಿದ್ದಿಲ್ಲ. ಪಶ್ಚಿಮದ ಕೋಣೆಯವನು ಸದಾ ಸಿಳ್ಳೆ ಹಾಕುತ್ತ ತಿರುಗುವ ಆಸಾಮಿ, ಹೆಸರೂ ಸಿಳ್ಳೆ ಎಂದೇ. ಅವನಿಗೆ ಕಲಿಸಿದ್ದೂ ದೊಡ್ಡಪ್ಪನೇ.

ಏಳನೆಯ ತಿಂಗಳಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಕೆಲಸಕ್ಕೆ ಹೊರಡಲು ಬೂಟಿನ ದಾರ ಕಟ್ಟುತ್ತಿದ್ದಾಗ ದೊಡ್ಡಪ್ಪ ಹಾಗೇ ಮುಂದಕ್ಕೆ ಬಾಗಿದರು, ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಅವರ ಜಾಗಕ್ಕೆ ಹೊಸಬರು ಬರುವವರೆಗೆ ಎರಡೂ ಕೋಣೆಯನ್ನು ಸಿಳ್ಳೆಯೇ ನೋಡಿಕೊಳ್ಳಬೇಕೆಂದು ಆದೇಶವಾಯಿತು. ಹೊಸಬರು ಬರಲಿಲ್ಲ.

ಬಾಟ್ಲಕ್ಕ ತುಂಬ ಅತ್ತಳು. ಆಮೇಲೆ ಕೆಲಸದ ಗಡಿಬಿಡಿ. ಅವಳ ನೋಟ್‌ಬುಕ್ಕಿನಲ್ಲಿ ಹೊಸದಾಗಿ ಸೇರುವವರಿಗೆ ಏನೇನು ಕಲಿಸಬೇಕೆಂದು ಎರಡು ಪುಟ ಇತ್ತು. ಬಿಟ್ಟುಹೋದವರ ಹೆಸರು ತೆಗೆಯುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ಒಂಬತ್ತನೆಯ ತಿಂಗಳಲ್ಲಿ ಮಗಳ ಹೆರಿಗೆಗೆಂದು ಅವಳು ಹತ್ತು ದಿನ ರಜೆ ಹಾಕಿದಳು. ಮಗಳ ಮನೆ ಊರಿನ ಪೂರ್ವ ಭಾಗದಲ್ಲಿ. ಹೆಣ್ಣು ಮಗು, ಸುಖವಾದ ಹೆರಿಗೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಗಳು ಲೋಟದ ನೀರು ಕುಡಿದು, "ಅಮ್ಮ, ಈಗೀಗ ನಿಮ್ಮ ನೀರು ಎಷ್ಟು ಚೆನ್ನಾಗಿದೆ! ಆ ಔಷಧಿ ವಾಸನೆನೇ ಇಲ್ಲ" ಎಂದಳು. ಬಾಟ್ಲಕ್ಕನೂ ಒಂದು ಗುಟುಕು ಕುಡಿದಳು. ಹೌದು, ವಾಸನೆ ಇರಲಿಲ್ಲ. ಬಾಣಂತಿಯ ಕೋಣೆಯ ಖುಷಿಯಲ್ಲಿ ಅವಳು ಮುಂದಕ್ಕೆ ಯೋಚಿಸಲಿಲ್ಲ. ಹೆಮ್ಮೆಯೇ ಆಯಿತು.

ಕೆಲಸಕ್ಕೆ ಮರಳಿದ ದಿನ ಇಂಜಿನಿಯರ್ ಸಾಹೇಬರು ಕೈ ಕುಲುಕಿದರು. ಗೋಡೆಯ ಮೇಲೆ ದೊಡ್ಡ ನಕ್ಷೆ. ಬಳಕೆ ಶೇಕಡ ತೊಂಬತ್ತನಾಲ್ಕು.

"ನೀವಿಲ್ಲದಾಗಲೂ ಬೀಳಲಿಲ್ಲ ನೋಡಿ. ಬೇರೆ ಎಲ್ಲ ಕಡೆ ಒಂಬತ್ತನೇ ತಿಂಗಳಿಗೆ ಅರ್ಧಕ್ಕೆ ಇಳಿಯುತ್ತಂತೆ. ಮೇಲಿನವರಿಗೂ ಕಳಿಸಿಬಿಟ್ಟೆ."

ಅವಳು ತನ್ನ ಮೇಜಿಗೆ ಹೋಗಿ, ಅತಿ ಹೆಚ್ಚು ನಿಯತ್ತಾಗಿ ಬಳಸಿದವರಿಗೆ ಒಂದೆರಡು ಒಳ್ಳೆಯ ಮಾತು ಬರೆಯೋಣವೆಂದು ಪಟ್ಟಿ ತೆರೆದಳು. ಮೊದಲನೆಯ ಹೆಸರು ದೊಡ್ಡಪ್ಪನದು.

ಹಳೆಯ ಪಟ್ಟಿ ಇರಬೇಕೆಂದು ದಿನಾಂಕ ನೋಡಿದಳು. ಆ ದಿನದ್ದೇ. ಬೆಳಿಗ್ಗೆ ಎಂಟಕ್ಕೆ: ಹತ್ತು ಲಕ್ಷಕ್ಕೆ ಅರ್ಧ ಅಂಶ ಕ್ಲೋರಿನ್. ಆಯ್ತಮ್ಮ. ಒಂಬತ್ತಕ್ಕೆ: ಅರ್ಧ ಅಂಶ. ಆಯ್ತಮ್ಮ. ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋದಳು. ನಿನ್ನೆ, ಮೊನ್ನೆ, ಕಳೆದ ವಾರ. ಅವರು ತೀರಿಕೊಂಡ ಸೋಮವಾರದಲ್ಲೂ ಎಂಟು ಸಲ ಇತ್ತು. ಮಾರನೆಯ ದಿನ ಅವರನ್ನು ಮಣ್ಣು ಮಾಡುವಾಗ ಘಟಕದವರೆಲ್ಲ ತಲೆ ತಗ್ಗಿಸಿ ನಿಂತಿದ್ದ ಹನ್ನೊಂದು ಗಂಟೆಗೂ ಪೂರ್ವದ ಕೋಣೆಯಲ್ಲಿ ಆಯ್ತಮ್ಮ.

ಕುತ್ತಿಗೆಯ ಹಿಂದೆ ಯಾರೋ ಒದ್ದೆ ಬೆರಳು ಇಟ್ಟಂತಾಯಿತು. ತಿರುಗಿ ನೋಡಿದಳು. ಬಿಸಿಲು ಬಿದ್ದ ನೆಲ, ಒಗೆದು ಬೋರಲಿಟ್ಟ ಬಾಟಲಿಗಳು, ಅಷ್ಟೆ.

ಇದಾದ ಮೇಲೆ ಕಣ್ಣಿಗೆ ಬಿದ್ದದ್ದು ಇದಕ್ಕಿಂತ ಕೆಟ್ಟದ್ದು. ತಾನು ರಜೆಯಲ್ಲಿದ್ದ ಹತ್ತು ದಿನವೂ ತನ್ನ ಹೆಸರಿನಲ್ಲಿ ಉತ್ತರಗಳು ಹೋಗಿದ್ದವು. "ಪರವಾಗಿಲ್ಲ, ನಿಧಾನವಾಗಿ ಕಲೀರಿ." "ಕನ್ನಡಕ ಮರೆತು ಬಂದ್ರಾ ಮತ್ತೆ?" "ನಾಳೆ ಬಂದು ನೋಡ್ತೀನಿ ಬಿಡಿ." ಒಂದೊಂದೂ ಅವಳದೇ ಮಾತು, ಅವಳದೇ ತಮಾಷೆ. ಒಂದು ಉತ್ತರದ ಹೊತ್ತು ನೋಡಿದಳು. ಆ ಹೊತ್ತಿನಲ್ಲಿ ಅವಳು ಆಸ್ಪತ್ರೆಯ ಪಡಸಾಲೆಯಲ್ಲಿ ಬಿಳಿ ಹೊದಿಕೆ ಹಿಡಿದು ಮಗುವಿನ ಅಳು ಕೇಳಲು ಕಾಯುತ್ತಿದ್ದಳು.

ನೋಟ್‌ಬುಕ್ಕೂ ಎತ್ತಿಕೊಳ್ಳದೆ ಅವಳು ಪೂರ್ವದ ಕೋಣೆಯ ಕಡೆ ಹೊರಟಳು. ದಾರಿಯಲ್ಲಿ ಪಶ್ಚಿಮದ ಕೋಣೆಯ ಮುಂದೆ ಸಿಳ್ಳೆ ಕೂತಿದ್ದ. ಸಿಳ್ಳೆ ಹಾಕುತ್ತಿರಲಿಲ್ಲ. ಅವನು ಸಿಳ್ಳೆ ಹಾಕಿ ಎಷ್ಟು ದಿನವಾಯಿತು ಎಂದು ಅವಳಿಗೆ ಆಗ ಹೊಳೆಯಿತು.

"ಪೂರ್ವದ ಕೋಣೆ ರೀಡಿಂಗ್ ಯಾರಪ್ಪ ಹಾಕ್ತಿರೋದು?"

ಅವನು ನೆಲ ನೋಡಿದ. "ಅವರೇ ಅಕ್ಕ."

"ಯಾರು ಅವರೇ?"

"ದೊಡ್ಡಪ್ಪ. ಅವರನ್ನ ಮಣ್ಣು ಮಾಡಿದ ಮಾರನೇ ದಿನ ನಾನು ಅಲ್ಲಿಗೆ ಹೋದೆ. ಪರದೆ ತಾನಾಗೇ ಹತ್ತಿಕೊಳ್ತು. ಅವರ ಹೆಸರು ಬಂತು, ಅಂಕಿ ಬಂತು, ಆಯ್ತಮ್ಮ ಅಂತ ಬಂತು. ನಾನು ಎದ್ದೆನೋ ಬಿದ್ದೆನೋ ಅಂತ ಓಡಿ ಬಂದೆ. ಎರಡು ದಿನ ಜ್ವರ. ಆಮೇಲೆ ಅನ್ನಿಸ್ತು, ಪಾಪ, ಕೆಲಸದ ಮೇಲೆ ಅಷ್ಟು ಆಸೆ ಇಟ್ಕೊಂಡಿದ್ದ ಜೀವ, ಮಾಡ್ಕೊಳ್ಳಲಿ ಅಂತ. ಬೆಳಿಗ್ಗೆ ಬಾಗಿಲು ತೆರೀತೀನಿ, ಸಂಜೆ ಮುಚ್ತೀನಿ. ಒಳಗೆ ಹೋಗಲ್ಲ."

"ನನಗೊಂದು ಮಾತು ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ನಲ್ಲ!" ಅವನು ಮುಖ ಎತ್ತಿದ. "ಬರೆದಿದ್ದೆ. ಪೂರ್ವದ ಕೋಣೇಲಿ ದೊಡ್ಡಪ್ಪನ ಹೆಸರಲ್ಲೇ ಬರ್ತಾ ಇದೆ, ಏನು ಮಾಡ್ಲಿ ಅಂತ. ನೀವೇ ಉತ್ತರ ಕೊಟ್ರಿ, 'ಪರವಾಗಿಲ್ಲ, ಹಾಗೇ ಇರಲಿ' ಅಂತ. ಮರೆತುಬಿಟ್ರಾ ಅಕ್ಕ?"

 ಅವಳು ಅವನ ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದಳು.

ಪೂರ್ವದ ಕೋಣೆ ತಣ್ಣಗಿತ್ತು. ನೆಲದಡಿಯಿಂದ ಪಂಪಿನ ಗುಂಯ್‌ಗುಡುವ ಸದ್ದು ಕಾಲಿನ ಮೂಲಕ ಮೇಲೇರುತ್ತಿತ್ತು. ದೊಡ್ಡಪ್ಪನ ಸ್ಟೂಲು, ಗೋಡೆಯ ಮೊಳೆಗೆ ಅವರ ಕರವಸ್ತ್ರ, ಕಪಾಟಿನಲ್ಲಿ ಸಾಲಾಗಿ ಗಾಜಿನ ಕೊಳವೆಗಳು. ಕೊಳವೆಗಳ ಮೇಲೆ ಧೂಳು ಕೂತಿತ್ತು. ಔಷಧಿಯ ಬಾಟಲಿಯ ಮುಚ್ಚಳ ಅಂಟಿಕೊಂಡುಬಿಟ್ಟಿತ್ತು. ಗಡಿಯಾರ ಹತ್ತು ಗಂಟೆ ತೋರಿಸಿತು.

ಪರದೆ ಹತ್ತಿಕೊಂಡಿತು.

ದೊಡ್ಡಪ್ಪನ ಹೆಸರು ಬಂತು. ಕೆಳಗೆ ಮಸುಕಾದ ಅಕ್ಷರದಲ್ಲಿ ಅರ್ಧ ಅಂಶ ಎಂಬ ಅಂಕಿ. ಅದರ ಪಕ್ಕದಲ್ಲಿ ಒಂದು ಪುಟ್ಟ ವೃತ್ತ ನಿಧಾನವಾಗಿ ತುಂಬತೊಡಗಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಹತ್ತು ನಿಮಿಷ. ಹೊರಗೆ ಯಾರೋ ಬಕೆಟ್ಟು ಎಳೆದ ಸದ್ದು ಬಂದು ಹೋಯಿತು. ವೃತ್ತ ತುಂಬಿದ ಕೂಡಲೆ ಮಸುಕಾಗಿದ್ದ ಅಂಕಿ ಗಟ್ಟಿ ಕಪ್ಪಾಯಿತು, ಕೆಳಗೆ "ಆಯ್ತಮ್ಮ" ಮೂಡಿತು, ಪರದೆ ಆರಿತು. ಯಾರೋ ಕೆಲಸ ಮುಗಿಸಿ ಕೈ ಒರೆಸಿಕೊಂಡು ಕೂತಂತಹ ಮೌನ ಕೋಣೆಯಲ್ಲಿ ಉಳಿಯಿತು. ಸಿಳ್ಳೆ ಸ್ಟೂಲಿನ ಕಡೆ ನೋಡದೆ ಇರಲು ಕತ್ತು ಬಿಗಿಹಿಡಿದಿದ್ದ.

ಬಾಟ್ಲಕ್ಕನಿಗೂ ಓಡಿಹೋಗಬೇಕೆನ್ನಿಸಿತು. ಆದರೆ ಇಪ್ಪತ್ತಾರು ವರ್ಷದ ಕೈ ಅದು, ತಾನಾಗಿ ಒಂದು ಕೊಳವೆ ತೆಗೆದು ತೊಳೆಯಿತು. ನಲ್ಲಿ ತಿರುಗಿಸಿ ನೀರು ಹಿಡಿದಳು. ಹಲ್ಲಿನಿಂದ ಕಚ್ಚಿ ಮುಚ್ಚಳ ಬಿಡಿಸಿ ಔಷಧಿ ಹಾಕಿದಳು. ಒಂದು, ಎರಡು, ಐದು ತೊಟ್ಟು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

ನೀರು ನೀರಿನ ಹಾಗೇ ಇತ್ತು. ಹಳದಿಯ ಸುಳಿವೇ ಇಲ್ಲ.

ಔಷಧಿ ಕೆಟ್ಟಿರಬಹುದೆಂದು ಪಶ್ಚಿಮದ ಕೋಣೆಗೆ ಓಡಿ ಅದೇ ಬಾಟಲಿಯಿಂದ ಅಲ್ಲಿನ ನೀರಿಗೆ ಹಾಕಿದಳು. ಅಲ್ಲಿ ತಕ್ಷಣ ಹಳದಿಯಾಯಿತು. ಆಗ ಮಗಳ ಮಾತು ನೆನಪಾಯಿತು. ವಾಸನೆನೇ ಇಲ್ಲ ಅಮ್ಮ.

ಇಂಜಿನಿಯರ್ ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಕಂಪನಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ವಿವರಿಸಿದಳು. ಆರನೆಯ ತಿಂಗಳಲ್ಲಿ ಹೊಸದೊಂದು ಸೌಲಭ್ಯ ಸೇರಿಸಿದ್ದಾರೆ. ಪ್ರತಿಯೊಬ್ಬರೂ ಸಾಮಾನ್ಯವಾಗಿ ಏನು ಬರೆಯುತ್ತಾರೆಂದು ಸಾಫ್ಟ್‌ವೇರ್ ಕಲಿತುಕೊಂಡು ತಾನೇ ತುಂಬಿ ತೋರಿಸುತ್ತದೆ. ಹತ್ತು ನಿಮಿಷದಲ್ಲಿ ಯಾರೂ ಬೇಡವೆನ್ನದಿದ್ದರೆ ಒಪ್ಪಿಗೆ ಎಂದುಕೊಂಡು, ಆ ಹೊತ್ತಿನ ಸರದಿಯವರ ಹೆಸರಿನಲ್ಲಿ ಉಳಿಸಿಕೊಳ್ಳುತ್ತದೆ. ಉತ್ತರಗಳಿಗೆ ಒಂದು ದಿನ ಕಾಯುತ್ತದೆ, ಉತ್ತರ ಹೋದ ಪ್ರಶ್ನೆಯನ್ನು ಪಟ್ಟಿಯಿಂದ ತೆಗೆದುಬಿಡುತ್ತದೆ. "ಬಳಕೆ ಬೀಳಬಾರದು ಅಂತ ಸರ್. ಎಲ್ಲ ಕಡೆ ಇದರಿಂದ ತುಂಬ ಚೆನ್ನಾಗಿ ಏರಿದೆ."

ಫೋನಿಟ್ಟ ಮೇಲೆ ಸಾಹೇಬರು ಗೋಡೆಯ ನಕ್ಷೆಯನ್ನೇ ನೋಡುತ್ತ ಕೂತರು.

"ಮೇಲಿನವರಿಗೆ ತೊಂಬತ್ತನಾಲ್ಕು ಅಂತ ಹೇಳಿ ಆಗಿದೆಯಲ್ಲ ಇವರೇ. ಮೊದಲು ಪೈಪು ಸರಿ ಮಾಡಿಸೋಣ. ಇದನ್ನ ಸದ್ದಿಲ್ಲದೆ..."

ಬಾಟ್ಲಕ್ಕ ಬಣ್ಣ ಬಾರದ ಕೊಳವೆಯನ್ನು ಅವರ ಮೇಜಿನ ಮೇಲೆ, ಫೈಲಿನ ಪಕ್ಕದಲ್ಲಿ ನಿಲ್ಲಿಸಿದಳು. "ನನ್ನ ಮಗಳು ಹಸಿ ಬಾಣಂತಿ ಸಾರ್. ಇದನ್ನೇ ಕುಡೀತಿದ್ದಾಳೆ. ನಾನೇ ಲೋಟಕ್ಕೆ ಬಗ್ಗಿಸಿ ಕೊಟ್ಟಿದ್ದೀನಿ."

ಸಾಹೇಬರು ಕೆಟ್ಟವರಲ್ಲ. ಎದ್ದರು. ಪೂರ್ವದ ದೊಡ್ಡ ವಾಲ್ವು ಹನ್ನೊಂದೂವರೆಗೆ ಮುಚ್ಚಿತು. ನೀರು ಕಾಯಿಸಿ ಕುಡಿಯಿರಿ ಎಂದು ಕೂಗಿಕೊಂಡು ವ್ಯಾನುಗಳು ಬೀದಿ ಬೀದಿ ತಿರುಗಿದವು. ಕ್ಲೋರಿನ್ ಹೋಗುವ ಬೆರಳು ದಪ್ಪದ ಪೈಪಿನೊಳಗೆ ಬಿಳಿ ಹೆಪ್ಪು ಕಟ್ಟಿತ್ತು. ಅರ್ಧ ಗಂಟೆಯ ಕೆಲಸ, ತೆಗೆದುಹಾಕಿದರು. ಅದು ಯಾವ ದಿನ ಕಟ್ಟಿಕೊಂಡಿತು ಎಂದು ಮಾತ್ರ ಯಾರೂ ಹೇಳಲಾರದೆ ಹೋದರು. ದಾಖಲೆ ತೆರೆದರೆ ಎರಡು ತಿಂಗಳೂ ಅರ್ಧ ಅಂಶ, ಅರ್ಧ ಅಂಶ.

ಮಗಳಿಗೆ ಅದೇ ವಾರ ವಾಂತಿ ಭೇದಿ ಶುರುವಾಯಿತು. ಮೂರು ದಿನ ಆಸ್ಪತ್ರೆ. ಎದೆಹಾಲು ಬತ್ತಿ ಮಗು ರಚ್ಚೆ ಹಿಡಿಯುತ್ತಿತ್ತು. ಬಾಟ್ಲಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು, ಆ ಬೀದಿಯ ಮನೆಮನೆಗೂ ಹೋಗಿ ಯಾರಿಗೆ ಹೊಟ್ಟೆ ಕೆಟ್ಟಿದೆಯೆಂದು ಕೇಳಿ ಬಂದಳು. ಹನ್ನೊಂದು ಮನೆ. ಎಲ್ಲರೂ ಚೇತರಿಸಿಕೊಂಡರು. ಮಗಳೂ ಎದ್ದು ಓಡಾಡಿದಳು. ಆದರೆ ತಾಯಿಯ ಕೈಯಿಂದ ಲೋಟ ತೆಗೆದುಕೊಳ್ಳುವಾಗ ಒಂದು ಕ್ಷಣ ಲೋಟದೊಳಗೆ ನೋಡುವ ಅಭ್ಯಾಸ ಅವಳಿಗೆ ಬಹಳ ದಿನ ಹೋಗಲಿಲ್ಲ. ಬಾಟ್ಲಕ್ಕ ಕಂಡೂ ಕಾಣದವಳ ಹಾಗೆ ಇರುತ್ತಿದ್ದಳು.

ತಾನೇ ತುಂಬುವ ಸೌಲಭ್ಯವನ್ನು ಕಿತ್ತು ಹಾಕಿಸಿದ ವಾರ ಬಳಕೆಯ ಅಂಕಿ ಮೂವತ್ತೆಂಟಕ್ಕೆ ಇಳಿಯಿತು. ಕಡಿಮೆಯಾದದ್ದೆಲ್ಲ ಬರೀ ದೊಡ್ಡಪ್ಪನದಾಗಿರಲಿಲ್ಲ. ಬದುಕಿದ್ದು ದಿನಾ ಕೆಲಸಕ್ಕೆ ಬರುತ್ತಿದ್ದವರದೂ ಇತ್ತು. ಪರದೆ ತಾನೇ ತುಂಬಿಕೊಳ್ಳುವುದನ್ನು ಕಂಡು ಅವರು ಒಬ್ಬೊಬ್ಬರಾಗಿ ಕೊಳವೆ ತೊಳೆಯುವುದು ಬಿಟ್ಟಿದ್ದರು, ಮೀಟರಿನ ಮುಂದೆ ಬಗ್ಗುವುದು ಬಿಟ್ಟಿದ್ದರು. ತಾವು ಹಾಕದ ಅಂಕಿಗಳು ತಮ್ಮ ಹೆಸರಿನಲ್ಲಿ ಸಾಲುಸಾಲಾಗಿ ಇದ್ದದ್ದನ್ನು ನೋಡಿ ಸುಣ್ಣದವನು, "ಹಾಗಾದ್ರೆ ಈ ಎರಡು ತಿಂಗಳು ನಾನು ಎಲ್ಲಿದ್ದೆ ಅಕ್ಕ?" ಎಂದು ಕೇಳಿದ. 

ದೊಡ್ಡಪ್ಪನ ಹೆಸರನ್ನು ಅವಳು ಸಿಳ್ಳೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡೇ ತೆಗೆದಳು. ತೆಗೆಯಲೇ ಎಂದು ಪರದೆ ಕೇಳಿತು. ಅವಳ ಬೆರಳು ನಿಂತಿತು. ಸಿಳ್ಳೆ ಮೆಲ್ಲಗೆ, "ಹೋಗಿ ಬನ್ನಿ ದೊಡ್ಡಪ್ಪ" ಎಂದ. ಅವಳು ಒತ್ತಿದಳು. ಅಂದಿನಿಂದ ಅವನು ಪೂರ್ವದ ಕೋಣೆಯ ಒಳಗೆ ಹೋಗತೊಡಗಿದ. ಸ್ಟೂಲಿನ ಮೇಲೆ ಮಾತ್ರ ಕೂರಲಿಲ್ಲ.

ಆಮೇಲೆ ಅವಳು ಯೋಜನೆಯನ್ನು ಹೊಸದಾಗಿ ಬರೆದಳು. ಯಾರಾದರೂ ಕೆಲಸ ಬಿಟ್ಟರೆ, ವರ್ಗವಾದರೆ, ತೀರಿಕೊಂಡರೆ ಅದೇ ದಿನ ಇಬ್ಬರ ಎದುರಿಗೆ ಹೆಸರು ತೆಗೆಯಬೇಕೆಂದು ಮೊದಲ ಪುಟದಲ್ಲೇ ಹಾಕಿದಳು. ಎಷ್ಟು ಜನ ಬಳಸಿದರೆಂದು ಎಣಿಸುವುದನ್ನು ಬಿಟ್ಟು, ಗುರುವಾರಗಳಂದು ಬಾಟಲಿ ಬುಟ್ಟಿ ಹಿಡಿದು ಹೋಗಿ, ಪ್ರತಿ ವಿಭಾಗದಲ್ಲೂ ತಾನೇ ಒಂದು ಅಳತೆ ತೆಗೆದು ಪರದೆಯ ಅಂಕಿಯ ಜೊತೆ ಹೋಲಿಸಿದಳು. ಹೊಂದಿದರೆ ಅಲ್ಲೇ ಒಂದು ಗೀಟು. ಉತ್ತರಗಳನ್ನೂ ಬರೆಯಲಿಲ್ಲ, ಎದುರಿಗೆ ನಿಂತು ಹೇಳಿದಳು. ಹಳೆಯ ರಿಜಿಸ್ಟರೇ ವಾಸಿ ಎಂದವರ ಜೊತೆ ಜಗಳವಾಡಿದಳು, ಕೆಲವೊಮ್ಮೆ ಸೋತಳು. ಎರಡು ವರ್ಷ ಹಿಡಿಯಿತು. ಅವಳು ನಿವೃತ್ತಳಾಗುವಾಗ ಆ ಗೀಟುಗಳ ಲೆಕ್ಕದಲ್ಲಿ ನಿಜವಾದ ಬಳಕೆ ಶೇಕಡ ಎಪ್ಪತ್ತೊಂದಿತ್ತು. ಸಾಹೇಬರು ಅದನ್ನು ನಕ್ಷೆ ಮಾಡಿಸಿ ಗೋಡೆಗೆ ಹಾಕಲು ಹೊರಟಾಗ ಬೇಡವೆಂದಳು.

ಒಂದು ಕೆಲಸ ಮಾತ್ರ ಅವಳಿಂದ ಮುಗಿಯಲಿಲ್ಲ. ಆ ತಿಂಗಳುಗಳಲ್ಲಿ ಅವಳ ಹೆಸರಿನಲ್ಲಿ ಹೋದ ಉತ್ತರಗಳನ್ನೆಲ್ಲ ಕಾಗದಕ್ಕೆ ಇಳಿಸಿ, ತಾನು ಬರೆದದ್ದು ಯಾವುದು, ಬರೆಯದ್ದು ಯಾವುದು ಎಂದು ಗುರುತು ಹಾಕಲು ಕೂತಿದ್ದಳು. ಇನ್ನೂರ ಹದಿನಾಲ್ಕು ಉತ್ತರ. ಬಹುಪಾಲು ಗೊತ್ತಾಯಿತು. ಹತ್ತೊಂಬತ್ತು ಗೊತ್ತಾಗಲಿಲ್ಲ.

ಅವುಗಳಲ್ಲಿ ಒಂದನ್ನು ಅವಳು ಮತ್ತೆ ಮತ್ತೆ ಓದುತ್ತಿದ್ದಳು. ದೊಡ್ಡಪ್ಪ ತೀರಿಕೊಂಡ ಆ ಸೋಮವಾರ ಸಿಳ್ಳೆ ಪರದೆಯಲ್ಲಿ "ಕೈ ಓಡ್ತಿಲ್ಲ ಅಕ್ಕ" ಎಂದು ಬರೆದಿದ್ದ. ಗುರುವಾರಕ್ಕೆ ಕಾಯದೆ ಮಾರನೆಯ ದಿನವೇ ಉತ್ತರ ಹೋಗಿತ್ತು: "ನನಗೂ. ಮಧ್ಯಾಹ್ನ ಬರ್ತೀನಿ, ಸುಮ್ಮನೆ ಜೊತೆಗೆ ಕೂತಿರೋಣ."

ಆ ಮಧ್ಯಾಹ್ನ ಅವಳು ಹೋಗಿದ್ದು ನಿಜ. ಪಶ್ಚಿಮದ ಕೋಣೆಯ ಮೆಟ್ಟಿಲ ಮೇಲೆ ಇಬ್ಬರೂ ಮಾತಿಲ್ಲದೆ ಒಂದು ಗಂಟೆ ಕೂತದ್ದು, ಎದ್ದಾಗ ಅವನು ಕಣ್ಣೊರೆಸಿಕೊಂಡದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಸಾಲುಗಳನ್ನು ಬರೆದದ್ದು ಮಾತ್ರ ನೆನಪಿರಲಿಲ್ಲ. ತಾನೇ ಬರೆದು ಹೋದಳೋ, ಪರದೆಯ ಮೇಲೆ ಮಸುಕಾಗಿ ಮೂಡಿದ್ದನ್ನು ಓದಿ, ತನ್ನದೇ ಮಾತು ಎಂದುಕೊಂಡು ಎದ್ದು ಹೋದಳೋ?

ಗಂಡನಿಗೆ ಒಮ್ಮೆ ಓದಿ ತೋರಿಸಿದಳು. ಅವನು ಕನ್ನಡಕ ಒರೆಸುತ್ತ, "ನೀನೇ ಕಣೆ. ನಿನ್ನ ಮಾತೇ ಇದು, ಇನ್ಯಾರು ಹೀಗೆ ಬರೀತಾರೆ?" ಎಂದ.

ಅವಳು ಆ ಹಾಳೆಯನ್ನು ಮಡಿಸಿ, ಗುರುತು ಹಾಕದೆ, ಬೀರುವಿನಲ್ಲಿಟ್ಟಳು.